ಕೊಳ್ಳದವನ ಕೂಗು

ಅಮೀನಗಡದ ಕುರಿ ಸಂತೆಯನ್ನು ಕಂಡವರಿಗೆ ಅಲ್ಲಿನ ಗದ್ದಲವನ್ನು ವರ್ಣಿಸಬೇಕಾಗಿಲ್ಲ. ಬಕ್ರೀದ್ ಹತ್ತಿರ ಬಂತೆಂದರೆ ಆ ಸಂತೆಯ ಧೂಳಿಗೂ ಒಂದು ಬೆಲೆ ಬರುತ್ತದೆ. ನಾನು ಉರ್ದು ಶಾಲೆಯ ಆರನೆಯ ಇಯತ್ತೆಯಲ್ಲಿದ್ದಾಗ ಅಬ್ಬಾ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಒಂದು ಟಗರು ಅವರಿಗೆ ಹಿಡಿಸಿತು. ಹಲ್ಲು ನೋಡಿದರು, ಬೆನ್ನು ಅದುಮಿ ನೋಡಿದರು, ಕಿವಿ, ಕೊಂಬು, ಕಾಲು ಯಾವುದೂ ಊನವಿಲ್ಲವೆಂದು ಖಾತ್ರಿ ಮಾಡಿಕೊಂಡರು. ಕುರಿಗಾರ ಎಂಟುನೂರು ಅಂದ, ಅಬ್ಬಾ ಆರುನೂರು ಅಂದರು. ಇಬ್ಬರೂ ಏಳುನೂರರ ಹತ್ತಿರ ಬಂದು ನಿಂತಿದ್ದಾಗ ಹಳದಿ ರುಮಾಲಿನವನೊಬ್ಬ ಎಲ್ಲಿಂದಲೋ ನುಗ್ಗಿ ಬಂದು ಟಗರಿನ ಕೊಂಬು ಹಿಡಿದ. "ಏಳುನೂರಾ ಐವತ್ತ ನಾ ಕೊಡತೀನಿ. ಇಂಥಾ ಮಾಲು ಇಡೀ ಸಂತ್ಯಾಗ ಇಲ್ಲ" ಎಂದು ಕೂಗಿದ. ಸುತ್ತ ನಾಲ್ಕು ಜನ ಸೇರಿದರು. ಅಬ್ಬಾ ಗಾಬರಿಯಾಗಿ ಎಂಟುನೂರು ಎಣಿಸಿ ಕೊಟ್ಟುಬಿಟ್ಟರು.

ಟಗರಿನ ಹಗ್ಗ ಹಿಡಿದು ಸಂತೆಯ ಇನ್ನೊಂದು ಮಗ್ಗುಲಿಗೆ ಬಂದಾಗ ಅದೇ ಹಳದಿ ರುಮಾಲು ಬೇರೊಂದು ಹಿಂಡಿನ ನಡುವೆ ನಿಂತು, ಬೇರೊಂದು ಕೊಂಬು ಹಿಡಿದು, ಅದೇ ಮಾತನ್ನು ಅದೇ ಗಂಟಲಿನಲ್ಲಿ ಕೂಗುತ್ತಿತ್ತು. ಅವನ ಕೈಯಲ್ಲಿ ಒಂದು ಕುರಿಯೂ ಇರಲಿಲ್ಲ. ಅವನು ಕೊಳ್ಳಲು ಬಂದವನೇ ಅಲ್ಲ. ಕೊಳ್ಳುವವನಂತೆ ಕೂಗುವುದೇ ಅವನ ಕಸುಬು, ಪ್ರತಿ ಕೂಗಿಗೆ ಕುರಿಗಾರನಿಂದ ಹತ್ತು ರೂಪಾಯಿ.

ಅಬ್ಬಾ ಜಗಳಕ್ಕೆ ಹೋಗಲಿಲ್ಲ. ದಾರಿಯಲ್ಲಿ ಒಂದೇ ಮಾತು ಹೇಳಿದರು: "ಇದಕ್ಕೆ ನಜ್ಶ್ ಅಂತಾರೆ ಬೇಟಾ. ಮೌಲಾನಾ ಸಾಹೇಬರು ಹೇಳಿದ್ದರು, ನಾನೇ ಮರೆತಿದ್ದೆ."

ನಜ್ಶ್ ಎಂಬ ಅರಬಿ ಪದಕ್ಕೆ ಮೂಲದಲ್ಲಿ ಪೊದೆಯೊಳಗೆ ಅಡಗಿದ ಬೇಟೆಯನ್ನು ಕೆದಕಿ ಎಬ್ಬಿಸುವುದು ಎಂಬ ಅರ್ಥವಿದೆ. ವ್ಯಾಪಾರದಲ್ಲಿ ಅದರ ಅರ್ಥ, ತಾನು ಕೊಳ್ಳುವ ಇರಾದೆ ಇಲ್ಲದೆ, ಬೇರೊಬ್ಬನನ್ನು ಬಲೆಗೆ ಕೆಡವಲು ಬೆಲೆ ಏರಿಸುವುದು, ಮಾಲನ್ನು ಹೊಗಳುವುದು. ಪ್ರವಾದಿ ಮುಹಮ್ಮದ್(ಸ) ಇದನ್ನು ನಿಷೇಧಿಸಿದ್ದು ಬುಖಾರಿ, ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿ ದಾಖಲಾಗಿದೆ. ನಮ್ಮ ಮಸೀದಿಗಳಲ್ಲಿ ಬಡ್ಡಿಯ ಬಗ್ಗೆ ಬೇಕಾದಷ್ಟು ಪ್ರವಚನ ಕೇಳಿದ್ದೇನೆ, ಕಡಿಮೆ ತೂಕದ ಬಗ್ಗೆಯೂ ಕೇಳಿದ್ದೇನೆ. ನಜ್ಶ್ ಬಗ್ಗೆ ಪೂರ್ತಿ ಒಂದು ಖುತ್ಬಾ ಈ ನಲವತ್ತು ಚಿಲ್ಲರೆ ವರ್ಷಗಳಲ್ಲಿ ನಾನು ಕೇಳಿಲ್ಲ. ಕೇಳಬೇಕಾದ ಕಾಲ ಬಂದಿದೆ. ಯಾಕೆಂದರೆ ಆ ಹಳದಿ ರುಮಾಲಿನವನು ಸಂತೆ ಬಿಟ್ಟು ನಮ್ಮ ಅಂಗೈಗೇ ಬಂದಿದ್ದಾನೆ.

ಸಿನಿಮಾ ನಟ ಪಾಕೀಟು ಎತ್ತಿ ತೋರಿಸಿ ಮುಗುಳ್ನಗುವುದು, ಕ್ರಿಕೆಟಿಗ ಬ್ಯಾಟು ಪಕ್ಕಕ್ಕಿಟ್ಟು ಎಣ್ಣೆಯ ಡಬ್ಬಿ ಹಿಡಿಯುವುದು ಹೊಸತೇನಲ್ಲ. ನಮ್ಮ ಜನಕ್ಕೆ ಅದರ ಮೇಲೆ ಅನುಮಾನವೂ ಹೊಸತಲ್ಲ. "ಅವರ ಮನ್ಯಾಗ ಅದನ್ನ ಹಚ್ಚಿಕೋತಾರೇನು?" ಎಂಬ ಪ್ರಶ್ನೆಯನ್ನು ನಮ್ಮ ಓಣಿಯ ಹೆಂಗಸರು ಟಿ.ವಿ. ಬಂದ ವರ್ಷದಿಂದಲೇ ಕೇಳುತ್ತಿದ್ದಾರೆ. ಇದನ್ನೇ ಹಿಡಿದುಕೊಂಡು ಜಾಹೀರಾತಿನವರು ಒಂದು ಜಾಣ ವಾದ ಹೂಡುತ್ತಾರೆ. ಜಾಹೀರಾತು ಜಾಹೀರಾತೆಂದು ಎಲ್ಲರಿಗೂ ಗೊತ್ತು, ಯಾರೂ ಅದನ್ನು ಸತ್ಯವೆಂದು ನಂಬುವುದಿಲ್ಲ, ಹಾಗಿರುವಾಗ ಮೋಸವೆಲ್ಲಿ ಬಂತು ಎನ್ನುತ್ತಾರೆ. ಯಾರೂ ನಂಬದ ಮಾತಿಗೆ ಕೋಟಿಗಟ್ಟಲೆ ಸುರಿಯುವಷ್ಟು ದಡ್ಡರು ಯಾವ ವ್ಯಾಪಾರಿಗಳು? ನಮ್ಮ ಅನುಮಾನ ನಾಲಿಗೆಯಲ್ಲಿದೆ, ಕೈ ಮಾತ್ರ ಪರಿಚಯದ ಮುಖವಿರುವ ಪಾಕೀಟಿನ ಕಡೆಗೇ ಹೋಗುತ್ತದೆ. ಅವರು ಹಣ ಕೊಡುವುದು ಆ ಕೈಗಾಗಿ.

ಪಾನ್ ಮಸಾಲಾ ಪ್ರಕರಣವನ್ನೇ ನೋಡೋಣ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಬಂತು. ಕೊಂಡವನು ಅಂಗೈಯಲ್ಲಿ ಎರಡನ್ನೂ ಕೂಡಿಸಿಕೊಂಡ. ಜಾಹೀರಾತಿನಲ್ಲಿ ಮಾತ್ರ ಏಲಕ್ಕಿ, ಕೇಸರಿ, ರಾಜಮನೆತನದ ಠೀವಿ. 2021ರ ಅಕ್ಟೋಬರ್‌ನಲ್ಲಿ ಅಮಿತಾಭ್ ಬಚ್ಚನ್ ತಮ್ಮ ಹುಟ್ಟುಹಬ್ಬದ ದಿನ ಒಂದು ಪಾನ್ ಮಸಾಲಾ ಕಂಪನಿಯ ಜಾಹೀರಾತಿನಿಂದ ಹಿಂದೆ ಸರಿದರು, ಹಣವನ್ನೂ ಮರಳಿಸಿದರು. ಅದು ಪರೋಕ್ಷ ಜಾಹೀರಾತಿನ ಸಾಲಿಗೆ ಸೇರುತ್ತದೆಂದು ಅವರಿಗೆ ತಿಳಿದಿರಲಿಲ್ಲವೆಂದು ಅವರ ಕಡೆಯವರು ಹೇಳಿದರು. 2022ರ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ ಏಲಕ್ಕಿ ಹೆಸರಿನ ಅಂಥದೇ ಜಾಹೀರಾತಿಗಾಗಿ ಅಭಿಮಾನಿಗಳ ಕ್ಷಮೆ ಕೇಳಿದರು. ಒಪ್ಪಂದದ ಅವಧಿ ಮುಗಿಯುವವರೆಗೆ ಕಂಪನಿ ಜಾಹೀರಾತನ್ನು ಪ್ರಸಾರ ಮಾಡುತ್ತಿರಬಹುದು ಎಂದೂ ಸೇರಿಸಿದರು.

ಹಿಂದೆ ಸರಿದಿದ್ದು ಒಳ್ಳೆಯದೇ. ಸರಿಯದೆ ಉಳಿದವರ ಮುಂದೆ ಇವರು ಎಷ್ಟೋ ಮೇಲು. ಆದರೆ ಆ ಎರಡು ವಿವರಣೆಗಳನ್ನು ಒಂದು ನ್ಯಾಯಾಲಯದ ಕಟಕಟೆಯಲ್ಲಿ ಇಟ್ಟು ನೋಡಿ. ಒಬ್ಬ ಸಾಕ್ಷಿ, ತಾನು ಯಾವುದಕ್ಕೆ ಸಾಕ್ಷಿ ಹೇಳುತ್ತಿದ್ದೇನೆಂದು ಗೊತ್ತಿರಲಿಲ್ಲ ಎನ್ನುತ್ತಾನೆ. ಇನ್ನೊಬ್ಬ ಸಾಕ್ಷಿ ತನ್ನ ಹೇಳಿಕೆ ಹಿಂದಕ್ಕೆ ಪಡೆಯುತ್ತಾನೆ, ಹೇಳಿಕೆ ಮಾತ್ರ ಕೋರ್ಟಿನಲ್ಲಿ ದಿನವೂ ಮೊಳಗುತ್ತಿರುತ್ತದೆ. ಕಾಣದ್ದನ್ನು ಕಂಡೆ ಎನ್ನುವವನಿಗೆ ನಮ್ಮ ಕನ್ನಡದಲ್ಲಿ ಸುಳ್ಳು ಸಾಕ್ಷಿ ಎಂಬ ಹೆಸರಿದೆ, ಉರ್ದುವಿನಲ್ಲಿ ಝೂಠೀ ಗವಾಹಿ. ಎರಡೂ ಭಾಷೆಗಳಲ್ಲಿ ಅದು ಬೈಗುಳವೇ. ಅದೇ ಕೆಲಸ ಮಾಡುವವನಿಗೆ 'ಬ್ರಾಂಡ್ ರಾಯಭಾರಿ' ಎಂಬ ಘನವಾದ ಹೆಸರು ಯಾವಾಗ ಬಂತೋ!

ಕಾನೂನು ಇಲ್ಲವೆಂದಲ್ಲ. 2016ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೊಂದು ದಾರಿತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೆ ಐದು ವರ್ಷದವರೆಗೆ ಸೆರೆವಾಸ ಇರಲಿ ಎಂದಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬರುವಾಗ ಆ ಸೆರೆವಾಸ ಕರಗಿಹೋಗಿ ದಂಡ ಉಳಿಯಿತು: ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಒಂದು ವರ್ಷ, ಪುನರಾವರ್ತನೆಯಾದರೆ ಮೂರು ವರ್ಷ ಯಾವ ಜಾಹೀರಾತಿಗೂ ಮುಖ ಕೊಡದಂತೆ ತಡೆಯಬಹುದು. ಮಾಲಿನ ಬಗ್ಗೆ ತಕ್ಕಷ್ಟು ವಿಚಾರಿಸಿಯೇ ಒಪ್ಪಿಕೊಂಡೆ ಎಂದು ತೋರಿಸಿಕೊಟ್ಟರೆ ಅದೂ ಇಲ್ಲ. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿ ಪರೋಕ್ಷ ಜಾಹೀರಾತನ್ನು ನಿಷೇಧಿಸಿತು. ಏಲಕ್ಕಿಯ ಪರಿಮಳ ಪಾನ್ ಅಂಗಡಿಗಳಿಂದ ಇನ್ನೂ ಹೋಗಿಲ್ಲ.

ಹತ್ತು ಲಕ್ಷವೆಂದರೆ ಎಷ್ಟು? ತಾರೆಯರ ಸಂಭಾವನೆ ಸಾಮಾನ್ಯವಾಗಿ ಗುಟ್ಟು. ಆದರೆ ನಮ್ಮ ರಾಜ್ಯ ಸರ್ಕಾರದ ಸಾಬೂನು ಕಾರ್ಖಾನೆ 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸಾಬೂನಿಗೆ ತಮನ್ನಾ ಭಾಟಿಯಾ ಅವರನ್ನು ರಾಯಭಾರಿಯಾಗಿ ನೇಮಿಸಿದಾಗ ಲೆಕ್ಕ ಬಯಲಾಯಿತು: ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿ. ದಿನಕ್ಕೆ ಸುಮಾರು 85 ಸಾವಿರ. ಈ ಸಾಬೂನಿನಲ್ಲಾಗಲಿ ಆ ನಟಿಯಲ್ಲಾಗಲಿ ನಾನು ದೋಷ ಹುಡುಕುತ್ತಿಲ್ಲ, ನಮ್ಮ ಮನೆಯ ಬಚ್ಚಲಲ್ಲಿ ಇರುವುದೂ ಅದೇ ಸಾಬೂನು. ಹೇಳುವುದಿಷ್ಟೆ, ಈ ದರದಲ್ಲಿ ನೋಡಿದರೆ ಕಾಯ್ದೆಯ ಮೊದಲ ದಂಡ ಹನ್ನೆರಡು ದಿನದ ಕೂಲಿ.

ಆಗ ನಡೆದ ಗಲಾಟೆಯೂ ನೆನಪಿಡುವಂಥದ್ದು. ಕನ್ನಡದ ನಟಿ ಯಾರೂ ಸಿಗಲಿಲ್ಲವೇ ಎಂದು ಎಲ್ಲರೂ ಕೇಳಿದರು. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಸಾಬೂನಿನ ವಾಸನೆ ಹಿಡಿದೇ ಕತ್ತಲಲ್ಲೂ ಅದರ ಹೆಸರು ಹೇಳಬಲ್ಲ ಜನರಿಗೆ ಅದರ ಬಗ್ಗೆ ಸಾಕ್ಷಿ ನುಡಿಯಲು ಯಾರಾದರೂ ಯಾಕೆ ಬೇಕು ಎಂದು ಕೇಳಿದವರು ಕಡಿಮೆ. ಹೊರ ರಾಜ್ಯದ ಗಿರಾಕಿಗಾಗಿ ಎಂದು ಸರ್ಕಾರ ಹೇಳಿತು. ಇರಬಹುದು. ಡಾ. ರಾಜ್‌ಕುಮಾರ್ ನಂದಿನಿ ಹಾಲಿಗೆ, ಆಮೇಲೆ ಪುನೀತ್ ಅದೇ ಹಾಲಿಗೆ ಮುಖ ಕೊಟ್ಟಾಗ ಸಂಭಾವನೆ ಪಡೆಯಲಿಲ್ಲ. ಹಾಲು ಹಾಕುವ ರೈತನ ಪರವಾಗಿ ಹೇಳಿದ ಮಾತಿಗೆ ದರಪಟ್ಟಿ ಇರಲಿಲ್ಲ. 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದು ಬಂದ ಪುಲ್ಲೇಲ ಗೋಪಿಚಂದ್ ತಂಪು ಪಾನೀಯದ ಜಾಹೀರಾತು ಬೇಡವೆಂದರು. ತಾವು ಕುಡಿಯದ್ದನ್ನು ಕುಡಿಯಿರಿ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಅಂದರೆ ಇದು ಆಗದ ಮಾತೇನಲ್ಲ.

ಇಷ್ಟಾಗಿಯೂ ಸಿನಿಮಾ ತಾರೆಯರು ನನಗೆ ದೊಡ್ಡ ಭಯವಲ್ಲ. ಅವರ ರುಮಾಲು ದೂರದಿಂದಲೇ ಕಾಣುತ್ತದೆ. ಈಗ ರುಮಾಲು ಬಿಚ್ಚಿಟ್ಟು ಬರುವವರ ಕಾಲ.

ನಮ್ಮ ಕಡೆ ಇಳಕಲ್ ಸೀರೆ ಹುಟ್ಟುವ ಊರು. ಹಿಂದೂಗಳೂ ಮುಸ್ಲಿಮರೂ ಕೂಡಿ ಮಗ್ಗದ ಕುಣಿಯಲ್ಲಿ ಕೂತ ಊರು. ಆ ಸೀರೆಯ ವಿಶೇಷ ಇರುವುದು ಒಡಲು ಮತ್ತು ಸೆರಗು ಕೂಡುವ ಜಾಗದಲ್ಲಿ. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಈ ಕೆಲಸಕ್ಕೆ ಬೆರಳು ಬೇಕು, ಕಣ್ಣು ಬೇಕು, ಬೆನ್ನು ಬೇಕು. ವಿದ್ಯುತ್ ಮಗ್ಗದ ನಕಲು ಸೀರೆಯಲ್ಲಿ ಬಣ್ಣ ಇರುತ್ತದೆ, ದಡಿ ಇರುತ್ತದೆ, ಟೋಪ್ ಸೆರಗಿನ ಕೆಂಪು ಬಿಳುಪಿನ ಗೋಪುರಗಳೂ ಇರುತ್ತವೆ. ಕೊಂಡಿ ಇರುವುದಿಲ್ಲ. ಮಗುಚಿ ನೋಡಿದರೆ ಗೊತ್ತಾಗುತ್ತದೆ. ಫೋನಿನ ಗಾಜನ್ನು ಮಗುಚಿ ನೋಡಲು ಬರುವುದಿಲ್ಲ.

ನನ್ನ ತಂಗಿಯ ಮಗಳು ಕಾಲೇಜಿನಲ್ಲಿ ಓದುತ್ತಾಳೆ. ಇನ್‌ಸ್ಟಾಗ್ರಾಂನಲ್ಲಿ ಅವಳು ಹಿಂಬಾಲಿಸುವ ಒಬ್ಬ ಹುಡುಗಿ ಇದ್ದಾಳೆ. ನಟಿಯಲ್ಲ, ಪಕ್ಕದ ಮನೆಯವಳಂತೆ ಮಾತಾಡುವವಳು. ಅಡುಗೆಮನೆಯಿಂದ ಮಾತಾಡುತ್ತಾಳೆ, ಜ್ವರ ಬಂದಾಗ ಹಾಸಿಗೆಯಿಂದ ಮಾತಾಡುತ್ತಾಳೆ, ಅತ್ತೆ ಬೈದ ದಿನ ಅಳುತ್ತಾಳೆ. ಒಂದು ದಿನ ಅವಳು ಅಪ್ಪಟ ಕೈಮಗ್ಗದ ಇಳಕಲ್ ಎಂದು ಒಂದು ಸೀರೆ ಉಟ್ಟು ತಿರುಗಿ ತೋರಿಸಿದಳು. ತನ್ನ ಅಮ್ಮನಿಗೂ ಒಂದು ತೆಗೆದುಕೊಂಡೆ ಅಂದಳು. ಅಂಗಡಿಯ ಹೆಸರು ಕೆಳಗಿತ್ತು, ಬೆಲೆ ಇರಲಿಲ್ಲ. ಬೆಲೆ ಕೇಳಿದವರಿಗೆಲ್ಲ 'ಇನ್‌ಬಾಕ್ಸ್ ನೋಡಿ' ಎಂಬ ಉತ್ತರ. ಯಾರಿಗೆ ಎಷ್ಟು ಹೇಳಿದರೋ ಇನ್ನೊಬ್ಬರಿಗೆ ಗೊತ್ತಾಗದಂಥ ಏರ್ಪಾಡು. ಎರಡೇ ಉಳಿದಿವೆ ಎಂಬ ಎಚ್ಚರಿಕೆ ಬೇರೆ. ಹುಡುಗಿ ತನ್ನ ಅಮ್ಮಿಗೆ ಈದ್‌ಗೆ ಕೊಡಬೇಕೆಂದು ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣ ಕಳಿಸಿದಳು.

ಸೀರೆ ಬಂತು. ನನ್ನ ತಂಗಿ ಮಗ್ಗದ ಮನೆಯಲ್ಲಿ ಬೆಳೆದವಳಲ್ಲವಾದರೂ ಮಗ್ಗದ ಓಣಿಯಲ್ಲಿ ಬೆಳೆದವಳು. ಮಗುಚಿ ನೋಡಿ ಸುಮ್ಮನಾದಳು. ಮಗಳ ಮುಖ ನೋಡಿ, "ಭಾಳ ಛಲೋ ಅದ" ಅಂದಳು. ಮಗಳಿಗೆ ಆ ಮೌನ ಅರ್ಥವಾಯಿತು. ವಾಪಸು ಮಾಡಲು ಬರೆದಳು. ಪೊಟ್ಟಣ ಬಿಚ್ಚುವಾಗಲೇ ತಡೆಯಿಲ್ಲದೆ ವಿಡಿಯೋ ಮಾಡಿದ್ದರೆ ಮಾತ್ರ ದೂರು ಕೇಳುತ್ತೇವೆ ಎಂದು ಉತ್ತರ ಬಂತು. ಕೊಂಡವಳು ಕಳ್ಳಿಯಲ್ಲವೆಂದು ಕೊಂಡವಳೇ ಮೊದಲು ರುಜುವಾತು ಮಾಡಬೇಕಂತೆ! ಅವಳು ಆ ಸೀರೆಯ ರೀಲಿನ ಕೆಳಗೆ ಮರ್ಯಾದೆಯ ಮಾತಿನಲ್ಲೇ ನಾಲ್ಕು ಸಾಲು ಬರೆದಳು. ಹತ್ತು ನಿಮಿಷದಲ್ಲಿ ಆ ಸಾಲುಗಳು ಇರಲಿಲ್ಲ. ಮರುದಿನ ಅವಳಿಗೆ ಆ ಪುಟವೇ ಕಾಣಲಿಲ್ಲ. ಅವಳನ್ನು ಹೊರಗೆ ಹಾಕಿದ್ದರು. ಕೆಳಗೆ ಉಳಿದ ಮುನ್ನೂರು ಹೊಗಳಿಕೆಗಳು ಹಾಗೇ ಉಳಿದವು.

ಆ ಮುನ್ನೂರರ ಬಗ್ಗೆ ನನಗೆ ಕುತೂಹಲ. ಕಥೆ ಬರೆಯುವವನಿಗೆ ಸುಳ್ಳು ಪಾತ್ರಗಳ ವಾಸನೆ ಬೇಗ ಹತ್ತುತ್ತದೆ. ಒಂದೇ ತರಹದ ಹೂವಿನ ಗುರುತು, ಒಂದೇ ತರಹದ 'ಸೂಪರ್ ಕ್ವಾಲಿಟಿ', ಎಲ್ಲವೂ ಒಂದೇ ಮಧ್ಯಾಹ್ನ ಬರೆದವು. 2020ರ ಇ-ವಾಣಿಜ್ಯ ನಿಯಮಗಳಲ್ಲಿ, ಮಾರುವವನು ತಾನೇ ಗ್ರಾಹಕನ ವೇಷ ಹಾಕಿ ತನ್ನ ಮಾಲಿನ ಬಗ್ಗೆ ಅಭಿಪ್ರಾಯ ಬರೆಯಬಾರದು ಎಂದು ಸ್ಪಷ್ಟವಾಗಿದೆ. ನಮ್ಮ ಮೌಲಾನಾ ಸಾಹೇಬರು ಮಕ್ತಬಿನಲ್ಲಿ ಹೇಳಿದ್ದನ್ನೇ ಸರ್ಕಾರ ರಾಜ್ಯಪತ್ರದಲ್ಲಿ ಅಚ್ಚು ಹಾಕಿದೆ. ಆನ್‌ಲೈನ್ ವಿಮರ್ಶೆಗಳಿಗಾಗಿ 2022ರಲ್ಲಿ ಭಾರತೀಯ ಮಾನಕ ಬ್ಯೂರೋ ಒಂದು ಮಾನಕವನ್ನೂ ತಂದಿತು, ಆದರೆ ಪಾಲಿಸುವುದು ವ್ಯಾಪಾರಿಗಳ ಇಚ್ಛೆಗೆ ಬಿಟ್ಟದ್ದು. ಇಲ್ಲದ ಅವಸರ ಹುಟ್ಟಿಸುವುದನ್ನು, ಎರಡೇ ಉಳಿದಿವೆ ಎಂದು ಹೆದರಿಸುವುದನ್ನು, 2023ರ ನವೆಂಬರ್‌ನ ಮಾರ್ಗಸೂಚಿ ಹದಿಮೂರು ಕಪಟ ವಿನ್ಯಾಸಗಳಲ್ಲಿ ಒಂದೆಂದು ಹೆಸರಿಸಿ ನಿಷೇಧಿಸಿದೆ. ಹಣ ಅಥವಾ ಉಡುಗೊರೆ ಪಡೆದು ಹೊಗಳುವವರು ಅದನ್ನು ಸರಳವಾಗಿ, ಕಣ್ಣಿಗೆ ಬೀಳುವಂತೆ ಹೇಳಲೇಬೇಕೆಂದು ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಗ್ರಾಹಕ ಇಲಾಖೆ ತಿಳಿಸಿತ್ತು. ನಮ್ಮ ಕನ್ನಡದ ರೀಲುಗಳಲ್ಲಿ ಹೊಗಳಿಕೆಯೆಲ್ಲ ಅಚ್ಚ ಕನ್ನಡದಲ್ಲಿರುತ್ತದೆ, ಹಣ ಪಡೆದ ಸಂಗತಿ ಮಾತ್ರ ಇಂಗ್ಲಿಷಿನ ಎರಡಕ್ಷರದಲ್ಲಿ, ಇರುವೆ ಕಾಲಿನಷ್ಟು ದಪ್ಪದಲ್ಲಿ, ಹತ್ತು ಗುರುತುಗಳ ನಡುವೆ ಬಚ್ಚಿಟ್ಟುಕೊಂಡಿರುತ್ತದೆ.

ಬಟ್ಟೆ ಅಂಗಡಿ ಇಟ್ಟ ನನ್ನ ಬಾಲ್ಯದ ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದೆ. ಐದು ಹೊತ್ತಿನ ನಮಾಜಿ, ತೂಕ ಅಳತೆಯಲ್ಲಿ ಒಂದು ಬೆರಳು ತಪ್ಪದವನು. ಅವನು ನನ್ನ ಮಾತಿಗೆ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಭಾಯಿ, ಅಂಗಡಿ ಮುಂದ ಬೋರ್ಡ್ ಹಾಕಿದ್ರ ಈಗ ಯಾರೂ ತಲಿ ಎತ್ತಿ ನೋಡೂದಿಲ್ಲ. ಎಲ್ಲರ ತಲಿ ಫೋನಿನಾಗ ಅದ. ಒಂದ ಹುಡುಗಿ ಬಂದು ಅರ್ಧಾ ತಾಸು ವಿಡಿಯೋ ಮಾಡಿದ್ರ ನನ್ನ ತಿಂಗಳ ಬಾಡಿಗಿ ಹೊಂಡತದ. ನಾ ಮಾಡದಿದ್ರ ಎದುರಿನಂವ ಮಾಡತಾನ. ನಾನೇನು ಅಂಗಡಿ ಮುಚ್ಚಲೇನು?" ಅಂದ. ಅವನ ಕಷ್ಟ ಸುಳ್ಳಲ್ಲ. ಅಮೀನಗಡದ ಕುರಿಗಾರನಿಗೂ ಕಷ್ಟವಿತ್ತು, ಬರಗಾಲದಲ್ಲಿ ಮೇವಿಲ್ಲದೆ ಸಾಕಿದ ಟಗರು ಅದು. ನಾನು ಅವನಿಗೆ ಕೇಳಿದ್ದು ಒಂದೇ: ಆ ಹುಡುಗಿ ನಿನ್ನಿಂದ ಹಣ ಪಡೆದಳೆಂದು ಮೊದಲ ಸಾಲಿನಲ್ಲಿ ಕನ್ನಡದಲ್ಲಿ ಬರೆಸು, ಸೀರೆಯ ಬೆಲೆ ಬರೆಸು, ವಿದ್ಯುತ್ ಮಗ್ಗದ್ದಾದರೆ ಹಾಗೆಂದು ಬರೆಸು. "ಹಂಗ ಬರದ್ರ ವಿಡಿಯೋ ಯಾಕ ಮಾಡಸ್ಬೇಕು?" ಅಂದ. ಅವನಿಗೆ ತಾನು ಏನು ಹೇಳಿದೆನೆಂದು ಹೇಳಿದ ಮೇಲೆ ಹೊಳೆಯಿತು. ಚಹಾ ತರಿಸಿದ.

ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರಸಂಗ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮೇಲೆ ಒಣ ಕಾಳು, ಒಳಗೆ ಬೆರಳಿಗೆ ತೇವ ಹತ್ತಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಾದರೆ ನೆನೆದದ್ದನ್ನು ಜನಕ್ಕೆ ಕಾಣುವಂತೆ ಮೇಲೆ ಯಾಕೆ ಇಡಲಿಲ್ಲವೆಂದು ಅವರು ಕೇಳಿದರು. ಈ ಪ್ರಸಂಗವನ್ನು ನಾವು ವ್ಯಾಪಾರಿಗೆ ಹೇಳಿದ ಬುದ್ಧಿಮಾತೆಂದೇ ಓದುತ್ತ ಬಂದಿದ್ದೇವೆ. ಅದರಲ್ಲಿ ಇನ್ನೊಂದು ಸಂಗತಿ ಇದೆ. ಅವರು ಕೈ ಹಾಕಿ ನೋಡಿದರು. ರಾಶಿಯ ಮೇಲಿನ ಕಾಳು ನೋಡಿ, ಮಾರುವವನ ಮುಖ ನೋಡಿ, ಸಲಾಂ ಹೇಳಿ ಮುಂದೆ ಹೋಗಲಿಲ್ಲ. ಅನುಮಾನ ಪಟ್ಟರೆಂದು ಆ ವ್ಯಾಪಾರಿಗೆ ಅವಮಾನವಾಗಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಬಾಲಿವುಡ್ಡಿನ ತಾರೆಯನ್ನು ಅನುಮಾನಿಸುವ ನಮ್ಮ ಸಮುದಾಯ, ಇನ್‌ಸ್ಟಾಗ್ರಾಂನ ಹುಡುಗಿಯ ಬಗ್ಗೆ ಮೂಗು ಮುರಿಯುವ ನಮ್ಮ ಸಮುದಾಯ, ನಮ್ಮದೇ ಮುಖ ಎದುರು ಬಂದ ಕೂಡಲೇ ಕೈಯನ್ನು ರಾಶಿಯಿಂದ ಹಿಂದೆಗೆದುಕೊಳ್ಳುತ್ತದೆ. ಗಡ್ಡ, ಟೋಪಿ, ಹೆಸರಿನ ಹಿಂದೆ ಹಾಜಿ, ಫಲಕದ ಮೇಲೆ ಹಸಿರು ಬಣ್ಣ, ಮಾತಿಗೆ ಮುಂಚೆ ಬಿಸ್ಮಿಲ್ಲಾ. ಇಷ್ಟಿದ್ದರೆ ನಮಗೆ ಬೇರೆ ಸಾಕ್ಷಿ ಬೇಕಿಲ್ಲ.

ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ, ಜನರ ಬಾಯಲ್ಲಿ ಐಎಂಎ, 2006ರಿಂದ ನಡೆದುಬಂದ ಕಂಪನಿ. ಬಡ್ಡಿಯಲ್ಲ, ಲಾಭದ ಪಾಲು ಎಂದಿತು, ಹಲಾಲ್ ಎಂದಿತು. ಹಣ ಇಟ್ಟವರನ್ನು ಠೇವಣಿದಾರರೆನ್ನದೆ ಪಾಲುದಾರರೆಂದು ಕಾಗದ ಮಾಡಿತು. ಚಿನ್ನದ ಅಂಗಡಿ ತೆರೆಯಿತು, ಶಿವಾಜಿನಗರದ ಸರ್ಕಾರಿ ಶಾಲೆಗೆ ಹೊಸ ರೂಪ ಕೊಟ್ಟು ಹೆಸರು ಗಳಿಸಿತು. 2019ರ ಜೂನ್‌ನಲ್ಲಿ ಅದರ ಮಾಲೀಕ ಮೊಹಮ್ಮದ್ ಮನ್ಸೂರ್ ಖಾನ್ ದುಬೈಗೆ ಹಾರಿದ. ಮುಂದಿನ ತಿಂಗಳು ದೆಹಲಿಗೆ ಬಂದಿಳಿದಾಗ ಬಂಧನವಾಯಿತು. ದೂರು ಕೊಟ್ಟವರು 40,000ಕ್ಕೂ ಹೆಚ್ಚು. ಸಂಗ್ರಹವಾಗಿದ್ದ ಹಣ ಸುಮಾರು 4,000 ಕೋಟಿ ಎಂಬ ಅಂದಾಜು. ಅಂಗಡಿಯ ಮುಂದೆ ಸಾಲುಗಟ್ಟಿ ಅಳುತ್ತಿದ್ದ ಬುರ್ಖಾದ ಹೆಂಗಸರನ್ನು ಟಿ.ವಿ.ಯಲ್ಲಿ ಇಡೀ ರಾಜ್ಯ ನೋಡಿತು. ಮಗಳ ನಿಕಾಹ್‌ಗೆ ಇಟ್ಟದ್ದು, ಹಜ್‌ಗೆ ಇಟ್ಟದ್ದು, ಗಂಡ ಸತ್ತ ಮೇಲೆ ಬಂದದ್ದು, ಕೊಲ್ಲಿಯಲ್ಲಿ ಹತ್ತು ವರ್ಷ ದುಡಿದದ್ದು.

ಅವರಲ್ಲಿ ಹೆಚ್ಚಿನವರು ಜಾಹೀರಾತು ನೋಡಿ ಹೋದವರಲ್ಲ. ಮುಖ ನೋಡಿ ಹೋದವರು. ವೇದಿಕೆಯ ಮೇಲೆ ಯಾರು ಕೂತಿದ್ದರು, ಇಫ್ತಾರ್‌ಗೆ ಯಾರು ಬಂದಿದ್ದರು, ಯಾವ ರಾಜಕಾರಣಿ ಹೆಗಲ ಮೇಲೆ ಕೈ ಹಾಕಿದ ಫೋಟೋ ವಾಟ್ಸಾಪಿನಲ್ಲಿ ಬಂತು, ಎಂಬುದೇ ಅವರಿಗೆ ಸಿಕ್ಕ ದಾಖಲೆ. ಹಣ ಹೂಡುವಂತೆ ಜನರನ್ನು ಪ್ರೇರೇಪಿಸಿದ ಆರೋಪದ ಮೇಲೆ ಒಂದು ಮಸೀದಿಯ ಮೌಲ್ವಿಯನ್ನೂ ಆಗ ಪೊಲೀಸರು ಬಂಧಿಸಿದರು. ಆರೋಪದ ಸತ್ಯಾಸತ್ಯವನ್ನು ನ್ಯಾಯಾಲಯ ನೋಡಿಕೊಳ್ಳಲಿ. ನನ್ನ ತಕರಾರು ಬಂಧನವಾಗದವರ ಬಗ್ಗೆ. ಒಂದು ಕಾಗದ ಓದದೆ, ಒಂದು ಲೆಕ್ಕ ಕೇಳದೆ, ಬಿರಿಯಾನಿ ಉಂಡು, ಶಾಲು ಹೊದ್ದು, ದುಆ ಮಾಡಿ ಬಂದ ನೂರಾರು ಗಣ್ಯರ ಬಗ್ಗೆ. ಅವರಾರೂ ಹತ್ತು ರೂಪಾಯಿ ಪಡೆದಿರಲಿಕ್ಕಿಲ್ಲ. ಅವರ ಸ್ವಂತ ದುಡ್ಡು ಅಲ್ಲಿ ಇದ್ದಿರಲೂ ಇಲ್ಲ. ಕೊಳ್ಳದೆ ಕೂಗಿದವರು ಅವರು. ಆಮೇಲೆ ಅವರಲ್ಲಿ ಒಬ್ಬರಾದರೂ ಮಿಂಬರಿನ ಮುಂದೆ ನಿಂತು, ನಾನು ತಿಳಿಯದೆ ಸಾಕ್ಷಿ ಹೇಳಿದೆ, ಮಾಫ್ ಮಾಡಿ ಎಂದದ್ದನ್ನು ನಾನು ಕೇಳಿಲ್ಲ. ಅಕ್ಷಯ್ ಕುಮಾರ್ ಕೂಡ ಅಷ್ಟು ಮಾಡಿದರು.

ಅದಕ್ಕೂ ಮುಂಚೆ ಇಂಥ ಹಲಾಲ್ ಯೋಜನೆಗಳ ಬಗ್ಗೆ ಲೆಕ್ಕ ಕೇಳಿದವರಿಗೆ ಏನೆನ್ನುತ್ತಿದ್ದರು? ನಮ್ಮವರು ಮುಂದೆ ಬಂದರೆ ನಮಗೇ ಹೊಟ್ಟೆಕಿಚ್ಚು ಎನ್ನುತ್ತಿದ್ದರು. ಕೌಮಿನ ಹೆಸರು ಕೆಡಿಸಬೇಡಿ ಎನ್ನುತ್ತಿದ್ದರು. ಮದುವೆ ಮನೆಯ ದಸ್ತರ್ಖಾನಿನ ಮುಂದೆ ಈ ಮಾತು ನನಗೇ ಹೇಳಿದವರಿದ್ದಾರೆ. ತೇವದ ಕಾಳನ್ನು ಮೇಲಿಡು ಎಂದರೆ ರಾಶಿಯ ಹೆಸರು ಕೆಡುತ್ತದಂತೆ.

ಇಲ್ಲಿ ಮುಸ್ಲಿಮೇತರ ಓದುಗರೊಂದಿಗೆ ಒಂದು ಮಾತು. ಅನುಮಾನ ಪಡಿ ಎಂದು ನಾನು ಹೇಳುವುದು ಮಾಲಿನ ಬಗ್ಗೆ. 2022ರ ಮಾರ್ಚ್‌ನಲ್ಲಿ ಕರಾವಳಿಯ ಜಾತ್ರೆಗಳಿಂದ ಆರಂಭವಾಗಿ ಮುಸ್ಲಿಂ ವ್ಯಾಪಾರಿಗಳು ಬೇಡ ಎಂಬ ಬ್ಯಾನರುಗಳು ಎದ್ದವು. ಯುಗಾದಿಯ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಸಂದೇಶಗಳು ಫೋನಿನಿಂದ ಫೋನಿಗೆ ಹಾರಿದವು. ಅದು ಗಿರಾಕಿಯ ಅನುಮಾನವಲ್ಲ. ಕಲ್ಲಂಗಡಿ ಸಿಹಿಯೋ ಸಪ್ಪೆಯೋ ಎಂದು ಅಲ್ಲಿ ಯಾರೂ ಕೊಯ್ದು ನೋಡಲಿಲ್ಲ, ಹೆಸರು ಕೇಳಿ ತಳ್ಳಿದರು. ಕೊಳ್ಳದೆಯೇ 'ಕೊಳ್ಳಿರಿ' ಎನ್ನುವವನೂ ಕೊಳ್ಳದೆಯೇ 'ಕೊಳ್ಳಬೇಡಿ' ಎನ್ನುವವನೂ ಒಂದೇ ರುಮಾಲಿನ ಎರಡು ತುದಿ. ಹೆಸರು ನೋಡಿ ತಳ್ಳುವುದರಲ್ಲಿ ಇರುವ ಸೋಮಾರಿತನವೇ ಹೆಸರು ನೋಡಿ ನಂಬುವುದರಲ್ಲೂ ಇದೆ. ಮೊದಲನೆಯದರಿಂದ ನಾವು ನೊಂದವರು, ಎರಡನೆಯದರಿಂದ ಮುಳುಗಿದವರು.

ನನ್ನ ತಂಗಿಯ ಮಗಳು ಕೊನೆಗೆ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದಾಳೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ಅದು, ಕನ್ನಡದಲ್ಲೂ ಮಾತಾಡಬಹುದು. ಹಣ ಇನ್ನೂ ಬಂದಿಲ್ಲ. ಆ ಸೀರೆಯನ್ನು ನನ್ನ ತಂಗಿ ಈದ್ ದಿನ ಉಟ್ಟಳು, ಮಗಳ ಮುಖಕ್ಕಾಗಿ.

ಈ ರಂಜಾನಿನ ಕೊನೆಯ ವಾರ ನಮ್ಮ ಖಾಲಾ ಜೊತೆ ಪೇಟೆಗೆ ಹೋಗಿದ್ದೆ. ಎಪ್ಪತ್ತು ದಾಟಿದವರು, ಹುಡುಗಿಯಾಗಿದ್ದಾಗ ಮಗ್ಗದ ಮನೆಯಲ್ಲಿ ಕಂಡಕಿ ಸುತ್ತಿದವರು. ಅಂಗಡಿಯ ಹುಡುಗ ಸೀರೆ ಬಿಚ್ಚುವ ಮೊದಲೇ ಫೋನ್ ಬಿಚ್ಚಿದ. ಯಾವುದೋ ನಟಿ ಅಂಥದೇ ಸೀರೆ ಉಟ್ಟು ನಗುತ್ತಿದ್ದಳು. "ನೋಡ್ರಿ ಅಮ್ಮಾ, ಇವರೂ ಇದನ್ನ ಉಟ್ಟಾರ, ಎರಡು ಲಕ್ಷ ಮಂದಿ ನೋಡ್ಯಾರ" ಅಂದ. ಖಾಲಾ ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದರು, ಅವಸರ ಮಾಡಲಿಲ್ಲ.

"ಛಂದ ಕಾಣತಾಳ, ಅಲ್ಲಾ ಆಕೀನ್ನ ಸುಖವಾಗಿ ಇಟ್ಟಿರಲಿ" ಅಂದರು. "ಈಗ ಆ ಫೋನ್ ಕೆಳಗ ಇಡಪ್ಪಾ. ಸೀರಿ ಮಗುಚು. ಸೆರಗು ಒಡಲಿಗೆ ಎಲ್ಲಿ ಕೂಡೇದ, ಅಲ್ಲಿ ತೋರಸು."

ಹುಡುಗ ಒಮ್ಮೆ ಗಲ್ಲದ ಮೇಲೆ ಕೂತಿದ್ದ ಮಾಲೀಕನ ಕಡೆ ನೋಡಿದ. ಆಮೇಲೆ ಆ ಸೀರೆ ಮಡಿಚಿಟ್ಟು, ಒಳಗಿನ ಕಪಾಟಿನಿಂದ ಬೇರೆ ಗಂಟು ತರಲು ಎದ್ದ.